ಎರಡನೇ ರಾಜಧಾನಿಯ ಆತಿಥ್ಯ: ಬೆಳಗಾವಿಯಲ್ಲಿ ಸರ್ಕಾರಿ ಮತ್ತು ರಾಜತಾಂತ್ರಿಕ ಸಮಾರಂಭ ನಡೆಸುವವರಿಗೆ

ಬೆಳಗಾವಿಯಲ್ಲಿ ದೊಡ್ಡ ಸಮಾರಂಭವೊಂದರ ಹೊಣೆ ಹೊತ್ತವರು ಮೊದಲ ಪೂರ್ವಭಾವಿ ಸಭೆಗೆ ಕೂರುವ ಮುನ್ನ ಟಿಳಕವಾಡಿಯ ಕಾಂಗ್ರೆಸ್ ಬಾವಿಯನ್ನು ಒಮ್ಮೆ ನೋಡಿಬರಬೇಕೆಂದು ಕೇಳಿಕೊಳ್ಳುತ್ತೇನೆ. 1924ರ ಡಿಸೆಂಬರ್ 26 ಮತ್ತು 27ರಂದು ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ಸಿನ 39ನೇ ಅಧಿವೇಶನ ನಡೆಯಿತು. ಅದಕ್ಕೆ ಬರುವ ಸಾವಿರಾರು ಜನರಿಗೆ ಕುಡಿಯುವ ನೀರು ಸಾಲದೆಂದು ಮನಗಂಡು, ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ದುಡಿಯುತ್ತಿದ್ದ ಸಂಘಟಕರು ತೋಡಿಸಿದ ಬಾವಿ ಅದು. ವಿಜಯನಗರ ಎಂದು ಹೆಸರಿಟ್ಟಿದ್ದ ಡೇರೆಗಳ ಊರು ಅಧಿವೇಶನ ಮುಗಿದೊಡನೆ ಬಯಲಾಯಿತು. ಪಂಪಾ ಸರೋವರವೆಂದು ಕರೆದ ಬಾವಿ ಉಳಿಯಿತು, ಮುಂದೆ ಆ ಭಾಗದ ಮನೆಗಳಿಗೂ ನೀರುಣಿಸಿತು. ಅತಿಥಿಗಳಿಗೆಂದು ಮಾಡುವ ಪ್ರತಿಯೊಂದು ಖರ್ಚಿನ ಮುಂದೆಯೂ ಈ ಬಾವಿಯನ್ನು ನೆನೆದು, ಇದರಲ್ಲಿ ಊರಿಗೆ ಉಳಿಯುವುದೇನು ಎಂದು ಕೇಳಿಕೊಂಡರೆ ಅರ್ಧ ಯೋಜನೆ ತಾನಾಗಿಯೇ ತಿದ್ದುಕೊಳ್ಳುತ್ತದೆ. ಇಲ್ಲಿ ನಡೆಯುವ ವಿಧಾನಮಂಡಲದ ಹಲವು ಚಳಿಗಾಲದ ಅಧಿವೇಶನಗಳಲ್ಲಿ ವಸತಿ ಮತ್ತು ಊಟದ ಏರ್ಪಾಡಿನಲ್ಲಿ ದುಡಿದು ಕಲಿತದ್ದನ್ನು, ಈ ಕೆಲಸಕ್ಕೆ ಹೊಸದಾಗಿ ಬರುವ ಸಂಪರ್ಕಾಧಿಕಾರಿಗಳು, ಹೋಟೆಲು ಮತ್ತು ಕಲ್ಯಾಣಮಂಟಪದವರು, ಕಾಲೇಜಿನ ಸ್ವಯಂಸೇವಕರು ಬಳಸಿಕೊಳ್ಳಲೆಂದು ಇಲ್ಲಿ ಬರೆಯುತ್ತಿದ್ದೇನೆ.

ರಾಜಧಾನಿಯೆಂಬ ಮಾತು ಈ ಊರಿಗೆ ಹೊಸತಲ್ಲ. ವೇಣುಗ್ರಾಮವೆಂಬ ಹೆಸರಿನಲ್ಲಿ ಇದು ರಟ್ಟ ಅರಸರ ರಾಜಧಾನಿಯಾಗಿತ್ತು. ಕೋಟೆಯೊಳಗಿನ ಕಮಲ ಬಸದಿ 1204ರಲ್ಲಿ ಆ ಕಾಲದ ಮಂತ್ರಿ ಬೀಚಿರಾಜ ಕಟ್ಟಿಸಿದ್ದು. ನಮ್ಮ ಕಾಲಕ್ಕೆ ಬಂದರೆ, 2006ರ ಸೆಪ್ಟೆಂಬರ್‌ನಲ್ಲಿ ಕೆಎಲ್‌ಇ ಸಂಸ್ಥೆಯ ಆವರಣದಲ್ಲಿ ವಿಧಾನಮಂಡಲದ ಮೊದಲ ಅಧಿವೇಶನ ನಡೆಯಿತು, 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಸುವರ್ಣ ವಿಧಾನಸೌಧವನ್ನು ಉದ್ಘಾಟಿಸಿದರು. ಆದರೆ 2019ರ ಆಗಸ್ಟ್‌ನ ನೆರೆಯ ಪೆಟ್ಟಿಗೆ ಆ ವರ್ಷದ ಅಧಿವೇಶನ ಬೆಂಗಳೂರಿಗೆ ಹೋಯಿತು, ಮರುವರ್ಷ ಕೊರೊನಾದಿಂದಾಗಿ ಅಲ್ಲಿಯೇ ಉಳಿಯಿತು, 2021ರ ಡಿಸೆಂಬರ್‌ನಲ್ಲಷ್ಟೇ ಸೌಧದ ಬಾಗಿಲು ಅಧಿವೇಶನಕ್ಕೆ ಮತ್ತೆ ತೆರೆಯಿತು. ಆ ಎರಡು ವರ್ಷ ಊರಿನ ಲಾಡ್ಜಿನವರಿಗೆ, ಪೆಂಡಾಲಿನವರಿಗೆ, ಕಾರು ಬಾಡಿಗೆಯವರಿಗೆ ಏನಾಯಿತೆಂಬುದನ್ನು ಹತ್ತಿರದಿಂದ ಕಂಡವರಿಗೆ, ಆತಿಥ್ಯವೆನ್ನುವುದು ಗೌರವದ ವಿಷಯವಾಗಿರುವಷ್ಟೇ ಹೊಟ್ಟೆಪಾಡಿನ ವಿಷಯವೂ ಹೌದೆಂದು ಬಿಡಿಸಿ ಹೇಳಬೇಕಿಲ್ಲ.

ಪೆಟ್ಟು ತಿಂದು ಮೇಲೆದ್ದ ಬೇರೆ ರಾಜಧಾನಿಗಳೂ ಈ ದಾರಿಯನ್ನು ಹಿಡಿದಿವೆ. ಯುದ್ಧ ಮುಗಿದು ನಾಲ್ಕು ವರ್ಷವೂ ತುಂಬದ ಸರಾಯೆವೊ ನಗರ 1999ರ ಜುಲೈ 30ರಂದು ಆಗ್ನೇಯ ಯುರೋಪಿನ ಸ್ಥಿರತೆಗಾಗಿ ನಡೆದ ಶೃಂಗಸಭೆಗೆ ಹಲವು ದೇಶಗಳ ನಾಯಕರನ್ನು ಬರಮಾಡಿಕೊಂಡಿತು. 1994ರ ನರಮೇಧದಲ್ಲಿ ನುಚ್ಚುನೂರಾಗಿದ್ದ ರುವಾಂಡದ ಕಿಗಾಲಿ, 2016ರಲ್ಲಿ ಹೊಸ ಸಮಾವೇಶ ಭವನವನ್ನು ತೆರೆದು ಅದೇ ವರ್ಷ ಆಫ್ರಿಕಾ ಒಕ್ಕೂಟದ ಶೃಂಗಸಭೆಯನ್ನೂ, 2022ರ ಜೂನ್‌ನಲ್ಲಿ ಕಾಮನ್‌ವೆಲ್ತ್ ದೇಶಗಳ ಮುಖ್ಯಸ್ಥರ ಸಭೆಯನ್ನೂ ನಡೆಸಿತು. ಕಿಗಾಲಿಯಲ್ಲಿ ನಾನು ಮೆಚ್ಚುವುದು ಭವನಕ್ಕಿಂತ ಹೆಚ್ಚಾಗಿ ಉಮುಗಂಡ ಎಂಬ ಪದ್ಧತಿಯನ್ನು: ಪ್ರತಿ ತಿಂಗಳ ಕೊನೆಯ ಶನಿವಾರ ಜನರೆಲ್ಲ ಸೇರಿ ತಮ್ಮ ಬೀದಿಯನ್ನು ತಾವೇ ಶುಚಿಗೊಳಿಸುತ್ತಾರೆ. ಅತಿಥಿ ಬರಲಿ ಬಿಡಲಿ, ಆ ಊರು ಶುಚಿಯಾಗಿಯೇ ಇರುತ್ತದೆ. ಅತಿಥಿ ಬರುವ ಹಿಂದಿನ ರಾತ್ರಿ ರಸ್ತೆ ಬದಿಗೆ ಸುಣ್ಣದ ಗೆರೆ ಎಳೆಯುವ ಅಭ್ಯಾಸವನ್ನು ಬಿಟ್ಟು ನಾವು ಕಲಿಯಬೇಕಾದದ್ದು ಅದನ್ನು.

ದಿನ ಗೊತ್ತುಮಾಡುವುದು

ದಿನಾಂಕ ಮೇಲಿನಿಂದ ಬರುತ್ತದೆ, ನಮ್ಮ ಕೈಯಲ್ಲಿ ಏನಿದೆ ಎಂದು ಕೈಚೆಲ್ಲಬಾರದು. ಸ್ಥಳೀಯ ಪಂಚಾಂಗವನ್ನು ಮುಂಚಿತವಾಗಿ ಬರೆದು ಕಳಿಸುವುದು ಜಿಲ್ಲೆಯವರ ಕೆಲಸ. ಕಳಿಸಿದರೆ ಬಹಳಷ್ಟು ಸಲ ಕೇಳುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಮಳೆಯಲ್ಲಿ ಬಯಲಿನ ಸಮಾರಂಭ ಆಗದು. ನವೆಂಬರ್ 1ರಂದು ರಾಜ್ಯೋತ್ಸವದ ಮೆರವಣಿಗೆಗೆ ರಾಣಿ ಚನ್ನಮ್ಮ ವೃತ್ತದ ಸುತ್ತ ಕಾಲಿಡಲೂ ಜಾಗವಿರುವುದಿಲ್ಲ. ತುಳಸಿ ಲಗ್ನ ಮುಗಿದೊಡನೆ ಮದುವೆಗಳು ಆರಂಭವಾಗಿ ಕಲ್ಯಾಣಮಂಟಪಗಳು ತುಂಬುತ್ತವೆ, ಅದೇ ಹೊತ್ತಿಗೆ ಕಬ್ಬು ಅರೆಯುವ ಹಂಗಾಮು ಶುರುವಾಗಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡಾಡುತ್ತವೆ. ಹೊಸ್ತಿಲ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಭಕ್ತರ ವಾಹನಗಳು ಬೇರೆ. ಡಿಸೆಂಬರ್‌ನ ಅಧಿವೇಶನ ಇವೆಲ್ಲದರ ನಡುವೆಯೇ ಬರುವುದರಿಂದ, ಸಕ್ಕರೆ ಕಾರ್ಖಾನೆಯವರನ್ನು ತಿಂಗಳ ಮೊದಲೇ ಕರೆಸಿ, ಗಣ್ಯರ ಸಂಚಾರದ ವೇಳೆಯಲ್ಲಿ ಕಬ್ಬಿನ ಗಾಡಿಗಳು ಯಾವ ದಾರಿ ಹಿಡಿಯಬೇಕೆಂದು ಮಾತಾಡಿಕೊಳ್ಳಬೇಕು. ಗಾಡಿಗಳನ್ನು ತಾಸುಗಟ್ಟಲೆ ತಡೆದು ನಿಲ್ಲಿಸುವುದು ಪರಿಹಾರವಲ್ಲ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿದರೆ ನಷ್ಟ ರೈತನದು.

ವಸತಿ

ಹೊಸಬರು ಎಡವುವುದು ಇಲ್ಲಿಯೇ. ವಿಧಾನಸಭೆಯಲ್ಲಿ 224, ಪರಿಷತ್ತಿನಲ್ಲಿ 75 ಸದಸ್ಯರು, ಅವರ ಜೊತೆಗೆ ಕಾರ್ಯದರ್ಶಿಗಳು ಮತ್ತು ಇಲಾಖೆಗಳ ಮುಖ್ಯಸ್ಥರು ಎಂದು ಲೆಕ್ಕ ಹಾಕಿ ಹೋಟೆಲಿನ ಕೋಣೆಗಳನ್ನು ಹಿಡಿದಿಟ್ಟರೆ ಕೆಲಸ ಮುಗಿಯಿತೆಂದು ಅವರು ತಿಳಿಯುತ್ತಾರೆ. ಆದರೆ ಒಬ್ಬ ಗಣ್ಯರ ಹಿಂದೆ ಆಪ್ತ ಸಹಾಯಕ, ಗನ್‌ಮ್ಯಾನ್, ಚಾಲಕ ಇರುತ್ತಾರೆ. ಅದರಾಚೆಗೆ ವರದಿಗಾರರು, ಸೌಧದ ಸಿಬ್ಬಂದಿ, ಬೇರೆ ಜಿಲ್ಲೆಗಳಿಂದ ಬಂದೋಬಸ್ತಿಗೆ ಬರುವ ಪೊಲೀಸರು. ಈ ಕೊನೆಯ ಗುಂಪೇ ಎಲ್ಲಕ್ಕಿಂತ ದೊಡ್ಡದು, ಅದನ್ನು ಕೊನೆಯಲ್ಲಿ ನೆನೆಯುವುದೇ ರೂಢಿಯಾಗಿದೆ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಕಲ್ಯಾಣಮಂಟಪದಲ್ಲಿ ಇಳಿದಿದ್ದ ಪೊಲೀಸ್ ಸಿಬ್ಬಂದಿ ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಬರೀ ಜಮಖಾನೆಯ ಮೇಲೆ ಮಲಗಿ, ನಸುಕಿನ ನಾಲ್ಕಕ್ಕೆ ತಣ್ಣೀರಿನಲ್ಲಿ ಮಿಂದು ಕೆಲಸಕ್ಕೆ ಹೊರಟದ್ದನ್ನು ಕಂಡೆ. ಅವರಲ್ಲಿ ಮಹಿಳಾ ಸಿಬ್ಬಂದಿಗೆ ಬೇರೆ ಶೌಚಾಲಯವೂ ಇರಲಿಲ್ಲ. ಹದಿನೈದು ದಿನ ಮೊದಲೇ ನಾನು ಹೋಗಿ ನೋಡಿದ್ದರೆ ಅದನ್ನು ಸರಿಪಡಿಸಬಹುದಿತ್ತು.

ಆದ್ದರಿಂದ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಮಾಡಿಕೊಳ್ಳಿ. ಮೊದಲು ಪೊಲೀಸರು, ಚಾಲಕರು, ಅಡುಗೆಯವರು ಮತ್ತು ಸ್ವಚ್ಛತಾ ಸಿಬ್ಬಂದಿ. ಆಮೇಲೆ ಕಚೇರಿ ಸಿಬ್ಬಂದಿ ಮತ್ತು ಪತ್ರಕರ್ತರು. ಹೋಟೆಲು, ಪ್ರವಾಸಿ ಮಂದಿರಗಳ ಕೋಣೆ ಹಂಚುವುದು ಕೊನೆಗೆ. ಪ್ರತಿ ತಾಣಕ್ಕೂ ಖುದ್ದಾಗಿ ಹೋಗಿ ನಲ್ಲಿ ತಿರುಗಿಸಿ ನೋಡಿ, ಬಿಸಿನೀರಿನ ಬಾಯ್ಲರ್ ಒಂದು ತಾಸಿನಲ್ಲಿ ಎಷ್ಟು ಜನಕ್ಕೆ ಸಾಲುತ್ತದೆಂದು ಹಚ್ಚಿ ನೋಡಿ, ಹಾಸಿಗೆ ಹೊದಿಕೆಗಳನ್ನು ಎಣಿಸಿ ಬರೆದಿಡಿ. ವಿದ್ಯಾರ್ಥಿ ನಿಲಯಗಳನ್ನು ಬಳಸುವುದಾದರೆ ಪರೀಕ್ಷೆಯ ವೇಳಾಪಟ್ಟಿ ನೋಡದೆ ಮಕ್ಕಳನ್ನು ಎಬ್ಬಿಸಬೇಡಿ. ಊರು ತುಂಬಿದಾಗ ಸುಮಾರು 80 ಕಿ.ಮೀ. ದೂರದ ಧಾರವಾಡದಲ್ಲಿ ಕೆಲವರನ್ನು ಇಳಿಸಬೇಕಾಗುತ್ತದೆ. ಬೆಳಗಿನ ಕೆಲಸವಿರುವವರನ್ನು ಅಲ್ಲಿಗೆ ಕಳಿಸದೆ, ಮಧ್ಯಾಹ್ನದ ಕಲಾಪಕ್ಕೆ ಮಾತ್ರ ಬೇಕಾದವರನ್ನು ಆರಿಸಿ ಕಳಿಸಿ.

ನೀರಿನ ಲೆಕ್ಕವೂ ವಸತಿಯ ಜೊತೆಗೇ ಆಗಬೇಕು. ನಗರಕ್ಕೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ ನೀರು ಬರುತ್ತದೆ. ಅತಿಥಿಗಳಿರುವ ವಾರ್ಡುಗಳಿಗೆ ಹೆಚ್ಚು ನೀರು ಹರಿಸಿ ಪಕ್ಕದ ಬಡಾವಣೆಯ ಸರದಿಯನ್ನು ಮುಂದೂಡಿದರೆ, ಆ ಹತ್ತು ದಿನ ಕೊಡ ಹಿಡಿದು ಕಾಯುವ ಮನೆಯವರಿಗೆ ಇಡೀ ಅಧಿವೇಶನ ಒಂದು ತೊಂದರೆಯಾಗಿ ನೆನಪಿನಲ್ಲಿ ಉಳಿಯುತ್ತದೆ. ಟ್ಯಾಂಕರುಗಳನ್ನು ಮೊದಲೇ ಗೊತ್ತುಮಾಡಿ, ಮನೆಗಳ ಸರದಿಯನ್ನು ಮುಟ್ಟದಿರಿ.

ವಿದೇಶಿ ಅತಿಥಿಗಳು ತಂಗುವ ಹೋಟೆಲಿನವರು ಇನ್ನೊಂದು ಕರ್ತವ್ಯವನ್ನು ಮರೆಯಬಾರದು. ಅತಿಥಿ ಬಂದಿಳಿದ 24 ಗಂಟೆಗಳೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರಗಳನ್ನು ವಲಸೆ ಇಲಾಖೆಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಹೋಟೆಲಿನವರು ಇದನ್ನು ‘ಸಿ ಫಾರಂ’ ಎಂದೇ ಕರೆಯುತ್ತಾರೆ. ರಾತ್ರಿ ಪಾಳಿಯ ಹುಡುಗನಿಗೂ ಇದನ್ನು ತುಂಬಲು ಕಲಿಸಿರಬೇಕು, ಏಕೆಂದರೆ ಅತಿಥಿಗಳು ಬರುವುದು ಹೆಚ್ಚಾಗಿ ಆ ಹೊತ್ತಿಗೇ.

ಯಾರು ಎಲ್ಲಿ ಕೂರಬೇಕು, ಯಾವ ಧ್ವಜ ಎಲ್ಲಿರಬೇಕು

ಈ ವಿಷಯದಲ್ಲಿ ಊಹೆಗೆ, ದಾಕ್ಷಿಣ್ಯಕ್ಕೆ ಎಡೆಯೇ ಇಲ್ಲ. ರಾಷ್ಟ್ರಪತಿಗಳ ಸಚಿವಾಲಯ 1979ರಲ್ಲಿ ಹೊರಡಿಸಿದ, ಆಮೇಲೆ ತಿದ್ದುಪಡಿಗಳಾಗಿರುವ ಅಗ್ರತಾ ಪಟ್ಟಿಯ ಪ್ರತಿಯೊಂದು ನಿಮ್ಮ ಕಡತದಲ್ಲಿರಲಿ. ಅದರ ಪ್ರಕಾರ ತಮ್ಮ ರಾಜ್ಯದೊಳಗೆ ರಾಜ್ಯಪಾಲರದು 4ನೇ ಸ್ಥಾನ, ಮುಖ್ಯಮಂತ್ರಿಗಳದು ಕೇಂದ್ರ ಸಂಪುಟ ಸಚಿವರೊಂದಿಗೆ 7ನೇ ಸ್ಥಾನ. ಭಾರತಕ್ಕೆ ನಿಯುಕ್ತರಾದ ರಾಯಭಾರಿಗಳು ಮತ್ತು ಹೈಕಮಿಷನರುಗಳು 8ನೇ ಸ್ಥಾನದಲ್ಲಿದ್ದಾರೆ. ಇಬ್ಬರು ರಾಯಭಾರಿಗಳು ಒಟ್ಟಿಗೆ ಬಂದರೆ ದೊಡ್ಡ ದೇಶ, ಸಣ್ಣ ದೇಶ ಎಂದು ಅಳೆಯಬಾರದು: ರಾಜತಾಂತ್ರಿಕ ಸಂಬಂಧಗಳ ಕುರಿತ 1961ರ ವಿಯೆನ್ನಾ ಒಪ್ಪಂದದ ಪ್ರಕಾರ, ಆತಿಥೇಯ ದೇಶದಲ್ಲಿ ಮೊದಲು ಅಧಿಕಾರ ವಹಿಸಿಕೊಂಡವರೇ ಮೊದಲಿಗರು. ಸಂದೇಹ ಬಂದಾಗ ಜಿಲ್ಲಾಧಿಕಾರಿ ಕಚೇರಿಯ ಶಿಷ್ಟಾಚಾರ ಶಾಖೆಯ ಮೂಲಕ ರಾಜ್ಯ ಶಿಷ್ಟಾಚಾರ ವಿಭಾಗವನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಊರ ಹಿರಿಯರನ್ನು ಮೊದಲ ಸಾಲಿನಲ್ಲಿ ಕೂರಿಸಬೇಕೆಂಬ ಒತ್ತಡ ಬಂದೇ ಬರುತ್ತದೆ. ಅವರಿಗೆಂದು ವೇದಿಕೆಯ ಪಕ್ಕದಲ್ಲಿ ಬೇರೊಂದು ಗೌರವದ ಸಾಲನ್ನು ಮೊದಲೇ ಹಾಕಿಸಿ, ಮನೆಗೆ ಹೋಗಿ ಕರೆದು, ಎಲ್ಲಿ ಕೂರುವಿರೆಂದು ಮುಂಚೆಯೇ ತಿಳಿಸಿಬಂದರೆ ಯಾರ ಮನಸ್ಸೂ ನೋಯುವುದಿಲ್ಲ.

ರಾಷ್ಟ್ರಧ್ವಜ ಸಂಹಿತೆ ಹೇಳುವಂತೆ, ಹಲವು ದೇಶಗಳ ಧ್ವಜಗಳು ಒಂದೇ ಸಾಲಿನಲ್ಲಿದ್ದಾಗ ನಮ್ಮ ಧ್ವಜ ಸಾಲಿನ ಬಲತುದಿಯಲ್ಲಿರಬೇಕು. ಬಲವೆಂದರೆ ಸಾಲಿನ ನಡುವೆ ಸಭಿಕರಿಗೆ ಮುಖಮಾಡಿ ನಿಂತವನ ಬಲ. ಕುಳಿತು ನೋಡುವ ಸಭಿಕರಿಗೆ ಅದು ಎಡತುದಿ. ಪೆಂಡಾಲಿನವರು ತಪ್ಪುವುದು ಇಲ್ಲಿಯೇ, ಆದ್ದರಿಂದ ಕಂಬಗಳ ಬುಡದಲ್ಲಿ ದೇಶದ ಹೆಸರಿನ ಚೀಟಿ ಅಂಟಿಸಿ. ಉಳಿದ ಧ್ವಜಗಳು ದೇಶಗಳ ಇಂಗ್ಲಿಷ್ ಹೆಸರಿನ ಅಕ್ಷರಕ್ರಮದಲ್ಲಿ ಬರುತ್ತವೆ. ನಮ್ಮ ಧ್ವಜವನ್ನು ಮೊದಲು ಏರಿಸಿ, ಕೊನೆಗೆ ಇಳಿಸಬೇಕು. ಕೆಂಪು ಹಳದಿ ಬಾವುಟದ ಮೇಲೆ ಬೆಳಗಾವಿಯ ಕನ್ನಡಿಗರಿಗಿರುವ ಅಕ್ಕರೆಯಲ್ಲಿ ನಾನೂ ಪಾಲುದಾರ. ಆದರೂ ರಾಷ್ಟ್ರಧ್ವಜದ ಎತ್ತರಕ್ಕಾಗಲಿ, ಅದರ ಪಕ್ಕದಲ್ಲಾಗಲಿ ಅದನ್ನು ಕಟ್ಟುವಂತಿಲ್ಲ ಎಂಬುದನ್ನು ಅಲಂಕಾರದ ಗುತ್ತಿಗೆದಾರರಿಗೆ ಮೊದಲ ದಿನವೇ ಹೇಳಿಬಿಡಬೇಕು. ರಾಷ್ಟ್ರಗೀತೆಗೆ ಸುಮಾರು 52 ಸೆಕೆಂಡ್, ನಾಡಗೀತೆಗೆ 2 ನಿಮಿಷ 30 ಸೆಕೆಂಡ್ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಸಮಯ ಹಿಡಿಯಿರಿ. ನಾಡಗೀತೆಗೆ ಎದ್ದು ನಿಲ್ಲಬೇಕೆಂದು ಪರದೇಶದ ಅತಿಥಿಗೆ ಪಕ್ಕದಲ್ಲಿರುವ ಸಂಪರ್ಕಾಧಿಕಾರಿ ಮೆಲ್ಲನೆ ತಿಳಿಸಬೇಕು.

ಓಡಾಟದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದು ಪೊಲೀಸರ ಕೈಯಲ್ಲಿರುವ ಕೆಲಸ. ಸಾಂಬ್ರಾ ವಿಮಾನ ನಿಲ್ದಾಣ ಊರಿನ ಪೂರ್ವಕ್ಕಿದೆ, ಸೌಧ ಹಲಗಾ ಬಸ್ತವಾಡದ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದಲ್ಲಿದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿರುವುದರಿಂದ, ಕ್ಯಾಂಪ್ ಪ್ರದೇಶ ದಂಡಿನ ಆಡಳಿತಕ್ಕೆ ಸೇರಿರುವುದರಿಂದ, ಫೋಟೋ ತೆಗೆಯುವವರಿಗೂ ಸ್ವಾಗತ ಕಮಾನು ಕಟ್ಟುವವರಿಗೂ ಮುಂಗಡ ಅನುಮತಿ ಬೇಕು. 2025ರ ಆಗಸ್ಟ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಇರುವುದು ಅಧಿಕಾರಿಗಳ ಓಡಾಟಕ್ಕೆ ಅನುಕೂಲವಾಗಿದೆ. ನೀವು ಪಟ್ಟು ಹಿಡಿದು ಕೇಳಬೇಕಾದದ್ದು ಒಂದೇ: ಬಿಮ್ಸ್ ಮತ್ತು ಕೆಎಲ್‌ಇ ಆಸ್ಪತ್ರೆಗಳಿಗೆ ಹೋಗುವ ದಾರಿಯಲ್ಲಿ ಯಾವ ಬೆಂಗಾವಲು ಹಾದುಹೋಗುವಾಗಲೂ ಆಂಬುಲೆನ್ಸ್ ನಿಲ್ಲಬಾರದು.

ಊಟ

ರಾಜಧಾನಿಯವರು ಬಂದರೆಂದು ಬೆಂಗಳೂರಿನ ಊಟವನ್ನೇ ಇಲ್ಲಿಗೆ ತರಿಸುವುದು ನನಗೆ ಒಪ್ಪಿಗೆಯಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮಾದಲಿ, ಮಂಡಿಗೆ, ಕುಂದಾ, ಗೋಕಾಕದ ಕರದಂಟು ಇವು ನಮ್ಮ ಊರಿನ ಪರಿಚಯಪತ್ರಗಳು. ಸ್ತ್ರೀಶಕ್ತಿ ಗುಂಪುಗಳಿಗೆ ರೊಟ್ಟಿಯ ಕೆಲಸ ಕೊಟ್ಟರೆ ಹಣ ಹಳ್ಳಿಗೂ ಮುಟ್ಟುತ್ತದೆ. ಕಟಕ ರೊಟ್ಟಿಯನ್ನು ಮೊದಲೇ ಮಾಡಿಸಿಡಬಹುದು, ಮೆತ್ತನೆಯ ಬಿಸಿ ರೊಟ್ಟಿ ಬೇಕಾದರೆ ಬಡಿಸುವ ಜಾಗದ ಹಿಂದೆಯೇ ಒಲೆ ಹೂಡಬೇಕು.

ಒಂದು ಎಚ್ಚರಿಕೆಯನ್ನು ಮಾತ್ರ ಬಹಳ ಒತ್ತಿ ಹೇಳುತ್ತೇನೆ. ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ ಪದಾರ್ಥ ಕಡಿಮೆ: ಎಣ್ಣೆಗಾಯಿಯ ಒಳಗೆ ಶೇಂಗಾ ಪುಡಿ, ಪಕ್ಕದಲ್ಲಿ ಶೇಂಗಾ ಹಿಂಡಿ, ಕೊನೆಗೆ ಶೇಂಗಾ ಹೋಳಿಗೆ, ಒಗ್ಗರಣೆಯೂ ಹಲವೆಡೆ ಶೇಂಗಾ ಎಣ್ಣೆಯದೇ. ಶೇಂಗಾ ಒಗ್ಗದವರಿಗೆ ಅದರ ಒಂದು ಚಿಟಿಕೆಯೂ ಉಸಿರು ಕಟ್ಟಿಸಿ ಪ್ರಾಣಕ್ಕೆ ಕುತ್ತು ತರಬಹುದು. ಆದ್ದರಿಂದ ಆಹ್ವಾನಕ್ಕೆ ಒಪ್ಪಿಗೆ ಬಂದ ದಿನವೇ ಅತಿಥಿಯ ಕಚೇರಿಗೆ ಬರೆದು ಯಾವುದು ಒಗ್ಗದು, ಯಾವುದು ನಿಷಿದ್ಧ ಎಂದು ಕೇಳಿಕೊಳ್ಳಿ. ಶೇಂಗಾ ಮುಟ್ಟದ ಅಡುಗೆಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಎಣ್ಣೆ, ಬೇರೆ ಬಾಣಸಿಗರನ್ನು ಇಟ್ಟು, ಆ ಮೇಜನ್ನು ದೂರದಲ್ಲಿ ಹಾಕಿಸಿ. ಪ್ರತಿ ಪದಾರ್ಥದ ಮುಂದೆ ಅದರಲ್ಲಿ ಏನೇನಿದೆಯೆಂದು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಡಿ.

ಮನವಿ ಹಿಡಿದು ಬರುವವರು

ಚಳಿಗಾಲದ ಅಧಿವೇಶನಕ್ಕೆ ಆಹ್ವಾನವಿಲ್ಲದೆ ಬರುವ ಅತಿಥಿಗಳೇ ಹೆಚ್ಚು. ಕಬ್ಬಿನ ದರಕ್ಕಾಗಿ ರೈತರು, ವೇತನಕ್ಕಾಗಿ ಅಂಗನವಾಡಿ ಕಾರ್ಯಕರ್ತೆಯರು, ಕಾಯಮಾತಿಗಾಗಿ ಅತಿಥಿ ಉಪನ್ಯಾಸಕರು ಬರುತ್ತಾರೆ. ಕೊಂಡಸಕೊಪ್ಪ, ಬಸ್ತವಾಡದ ಬಯಲಿನಲ್ಲಿ ಅವರಿಗೆಂದು ಪೆಂಡಾಲು ಹಾಕುವುದು ವಾಡಿಕೆ. ಉತ್ತರ ಕರ್ನಾಟಕದವರು ಐನೂರು ಕಿ.ಮೀ. ದೂರದ ಬೆಂಗಳೂರಿಗೆ ಹೋಗದೆ ತಮ್ಮ ಸರ್ಕಾರವನ್ನು ಕಾಣಲೆಂದೇ ಸೌಧವನ್ನು ಇಲ್ಲಿ ಕಟ್ಟಲಾಯಿತು. ಹಾಗಿರುವಾಗ ಆ ಪೆಂಡಾಲನ್ನು ಬರೀ ಬಂದೋಬಸ್ತಿನ ವಿಷಯವೆಂದು ಪೊಲೀಸರಿಗೆ ಬಿಟ್ಟುಕೊಡುವುದು ಸರಿಯಲ್ಲ. ಅದನ್ನೂ ಆತಿಥ್ಯ ಸಮಿತಿಯ ಹೊಣೆಯೆಂದೇ ನಾನು ತಿಳಿದಿದ್ದೇನೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕುಡಿಯುವ ನೀರು, ನೆರಳು, ಹೆಂಗಸರಿಗೆ ಬಾಗಿಲು ಭದ್ರವಾಗಿರುವ ಶೌಚಾಲಯ, ಒಬ್ಬ ವೈದ್ಯರು, ರಾತ್ರಿ ಉಳಿಯುವವರಿಗೆ ದೀಪ. ಇಷ್ಟಾದ ಮೇಲೆ, ಮನವಿ ಸ್ವೀಕರಿಸಲು ಯಾವ ಸಚಿವರು ಅಥವಾ ಅಧಿಕಾರಿ ಯಾವ ಹೊತ್ತಿಗೆ ಬರುತ್ತಾರೆಂದು ಬೆಳಿಗ್ಗೆಯೇ ಫಲಕದ ಮೇಲೆ ಬರೆಯಿಸಿ, ಆ ಹೊತ್ತಿಗೆ ಅವರನ್ನು ಕರೆತರಲು ಒಬ್ಬರನ್ನು ನೇಮಿಸಿ. ಗದ್ದಲಗಳು ಬಹುಪಾಲು ಹುಟ್ಟುವುದು ಯಾರೂ ಬರುವುದಿಲ್ಲವೆಂಬ ಅನುಮಾನದಿಂದ. ಮನವಿಗೆ ಸಂಖ್ಯೆ ಹಾಕಿ ಸ್ವೀಕೃತಿ ಕೊಡಿ. ಇಲ್ಲಿ ನಿಲ್ಲುವ ಸ್ವಯಂಸೇವಕರಿಗೆ ಕನ್ನಡದ ಜೊತೆಗೆ ಮರಾಠಿಯೂ ಹಿಂದಿಯೂ ಬರುವಂತಿರಲಿ, ದನಿ ಏರಿಸದ ಸ್ವಭಾವ ಅದಕ್ಕಿಂತ ಮುಖ್ಯ. 1924ರಲ್ಲಿ ಡಾ. ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದವರು, ಉಮಾಬಾಯಿ ಕುಂದಾಪುರ ಅವರು ಕರೆತಂದ ಮಹಿಳೆಯರು ಇದೇ ಊರಿನಲ್ಲಿ ಸ್ವಯಂಸೇವೆಗೆ ಒಂದು ಮೇಲ್ಪಂಕ್ತಿ ಹಾಕಿಕೊಟ್ಟಿದ್ದಾರೆ. ತರಬೇತಿಯ ದಿನ ನಮ್ಮ ಹುಡುಗ ಹುಡುಗಿಯರಿಗೆ ಆ ಸಂಗತಿಯನ್ನು ಹೇಳಬೇಕು.

ನಿಂತುಹೋದರೆ

2024ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವಕ್ಕೆ ಊರೆಲ್ಲ ದೀಪಾಲಂಕಾರವಾಗಿತ್ತು. 26ರ ರಾತ್ರಿ ಮಾಜಿ ಪ್ರಧಾನಿ ಡಾ. ಮನಮೋಹನ್ ಸಿಂಗ್ ಅವರು ನಿಧನರಾದರು. ಮರುದಿನದ ಬಹಿರಂಗ ಸಮಾವೇಶ ರದ್ದಾಗಿ, 2025ರ ಜನವರಿ 21ರಂದು ನಡೆಯಿತು. ಇಂಥ ರಾತ್ರಿಗೆಂದು ಒಂದು ಪುಟದ ಟಿಪ್ಪಣಿ ಸಿದ್ಧವಿರಬೇಕು. ದೀಪಗಳನ್ನು ಆರಿಸುವವರು ಯಾರು, ಧ್ವಜವನ್ನು ಅರ್ಧಕ್ಕೆ ಇಳಿಸಲು ಆದೇಶ ಯಾರಿಂದ ಬರಬೇಕು, ದಾರಿಯಲ್ಲಿರುವ ಬಸ್ಸುಗಳಿಗೆ ಸುದ್ದಿ ಮುಟ್ಟಿಸುವವರು ಯಾರು, ಆಗಲೇ ಬೇಯುತ್ತಿರುವ ಅನ್ನ ಯಾವ ವಿದ್ಯಾರ್ಥಿ ನಿಲಯಕ್ಕೆ ಹೋಗಬೇಕು, ಇವೆಲ್ಲ ಹೆಸರು ಮತ್ತು ಫೋನ್ ಸಂಖ್ಯೆಯ ಸಮೇತ ಅದರಲ್ಲಿರಲಿ. ಗುತ್ತಿಗೆದಾರರ ಕರಾರಿನಲ್ಲಿ, ಸಮಾರಂಭ ನಿಂತರೆ ಅವರಿಗೆ ಎಷ್ಟು ಸಲ್ಲಬೇಕೆಂಬ ಸಾಲು ಕಡ್ಡಾಯವಾಗಿ ಇರಬೇಕು.

ಮುಗಿದ ಮೇಲೆ

ಕೊನೆಯ ಬೆಂಗಾವಲು ಸಾಂಬ್ರಾ ದಾಟಿದ ಮರುದಿನ ಬೆಳಿಗ್ಗೆ ಸಮಿತಿಯ ಎಲ್ಲರೂ ಮತ್ತೆ ಸೇರಬೇಕು. ಆ ಹೊತ್ತಿಗೆ ಅರ್ಧ ಜನ ನಿದ್ದೆಯಲ್ಲಿರುತ್ತಾರೆ, ಆದರೂ ಕರೆಯಿರಿ. ಒಮ್ಮೆ ಒಂದು ಕಾರ್ಯಕ್ರಮಕ್ಕೆ ಕುರ್ಚಿ ಪೆಂಡಾಲು ಒದಗಿಸಿದ್ದ ಪರಿಚಿತರೊಬ್ಬರು ತಮ್ಮ ಬಿಲ್ಲಿಗಾಗಿ ಮುಂದಿನ ಮಳೆಗಾಲದವರೆಗೂ ಮೆಟ್ಟಿಲು ಹತ್ತಿಳಿದು, ಕೊನೆಗೆ ಮಗಳ ಮದುವೆಗೆ ಸಾಲ ಮಾಡಿದರು. ಅಳತೆ ಪುಸ್ತಕದಲ್ಲಿ ಸಹಿ ಹಾಕಬೇಕಾದ ದಿನ ಯಾರೂ ಹಾಕಿರಲಿಲ್ಲವೆಂಬುದಷ್ಟೇ ಕಾರಣ. ಅಂದಿನಿಂದ ನಾನು ಪೆಂಡಾಲು ಬಿಚ್ಚುವ ಮೊದಲೇ ಸ್ಥಳದಲ್ಲಿ ಅಳೆದು, ಎಣಿಸಿ, ಇಬ್ಬರ ಸಹಿ ಮಾಡಿಸಿ, ಒಂದು ಪ್ರತಿಯನ್ನು ಅವರ ಕೈಯಲ್ಲಿಯೇ ಕೊಡುತ್ತೇನೆ.

ಅದೇ ಬೆಳಿಗ್ಗೆ, ಸಮಾರಂಭಕ್ಕೆಂದು ಹೊಸದಾಗಿ ಮಾಡಿಸಿದ್ದನ್ನು ಪಟ್ಟಿ ಮಾಡಿ: ಕೊಳವೆ ಸಾಲು, ಬೀದಿ ದೀಪ, ಶೌಚಾಲಯ, ಬಾಯ್ಲರ್, ಹೊದಿಕೆಗಳು. ಕೊಂಡಸಕೊಪ್ಪದ ಬಳಿ ಹಾಕಿದ ನೀರಿನ ತೊಟ್ಟಿ ಅಲ್ಲಿಯ ಗ್ರಾಮ ಪಂಚಾಯಿತಿಗೆ ಸೇರಲಿ, ಬಾಯ್ಲರುಗಳು ಅವನ್ನು ಇರಿಸಿದ ವಿದ್ಯಾರ್ಥಿ ನಿಲಯಗಳಲ್ಲಿಯೇ ಉಳಿಯಲಿ, ಹೊದಿಕೆಗಳು ಒಗೆದು ಜಿಲ್ಲಾ ಆಸ್ಪತ್ರೆಗೆ ಹೋಗಲಿ. ಯಾವುದು ಯಾರ ವಶಕ್ಕೆ ಹೋಯಿತೆಂದು ಬರೆದು, ಪಡೆದವರ ಸಹಿ ಹಾಕಿಸಿದ ಮೇಲೆಯೇ ಕಡತವನ್ನು ಮುಂದಿನ ವರ್ಷದವರಿಗೆ ಒಪ್ಪಿಸಿ.